ಗಾಳಿ ನೋಡಿ ಕೂರುವ ಮಾವ

ನಮ್ಮ ಸೋದರಮಾವ ಲಾರಿ ಓಡಿಸುತ್ತಿದ್ದರೆ, ಅದು ನಿಂತೇ ಇದೆ ಅಂದುಕೊಂಡು ಜನ ನೆರಳಿಗೆ ಬಂದು ಕೂರುತ್ತಿದ್ದರಂತೆ! ಹೇಳಿದವರು ಸ್ವಲ್ಪ ಉಪ್ಪುಖಾರ ಹಚ್ಚಿರಬಹುದು. ಆದರೆ ಕೆ.ಆರ್. ಪುರದ ಹತ್ತಿರ ಅವರ ಹಿಂದೆ ಬೈಕಿನಲ್ಲಿ ಸಿಕ್ಕಿಹಾಕಿಕೊಂಡವನು ನಾನು. ಸುತ್ತಲಿನವರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿ, ಕೊನೆಗೆ ಬೈಯುವುದನ್ನೂ ಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇನೆ.

ಅವರು ಸಾಗಿಸುತ್ತಿದ್ದುದು ಕ್ಲೋರಿನ್ ಸಿಲಿಂಡರ್. ನಮ್ಮ ನಲ್ಲಿ ನೀರನ್ನು ಕುಡಿಯುವ ಹಾಗೆ ಶುದ್ಧ ಮಾಡುವುದೂ ಅದೇ. ಸೋರಿದರೆ ಎದೆ ಸುಡುವುದೂ ಅದೇ. "ಬ್ರೇಕ್ ಹಾಕಿದ್ದು ಸಿಲಿಂಡರಿಗೆ ಗೊತ್ತಾಗ್ಬಾರ್ದು ಕಣೋ" ಅನ್ನುತ್ತಿದ್ದರು.

ನಿವೃತ್ತರಾದ ಮೇಲಾದರೂ ಅಭ್ಯಾಸ ಬಿಡಬೇಕಲ್ಲ? ಎಲ್ಲಿಗೆ ಹೋದರೂ ಮೊದಲು ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಅಂತ ನೋಡುವುದು, ಆಮೇಲೆ ಕೂರುವುದು. ಗ್ಯಾಸು ಸೋರಿದರೆ ಗಾಳಿ ಬರುವ ಕಡೆಗೇ ಓಡಬೇಕು ಅನ್ನುವುದು ಲಾರಿ ಕಲಿಸಿದ ಪಾಠ. ಶಿವಾಜಿನಗರದಲ್ಲಿ ಸ್ನೇಹಿತರ ಮನೆ ಮದುವೆ. ತಟ್ಟೆಯ ಮುಂದೆ ನಿಂತು, ಗಾಳಿ ನೋಡಲು ಕರ್ಚೀಫ್ ಎತ್ತಿ ಹಿಡಿದರು. ಬಿರಿಯಾನಿ ಬಡಿಸುವವರು, ಪಾಪ, ಕರೆಯುತ್ತಿದ್ದಾರೆ ಅಂತ ತಿಳಿದು ಎರಡೆರಡು ಸಲ ಬಡಿಸಿದರು! ಮಾವ ಬೇಡ ಅನ್ನಲಿಲ್ಲ, ಅದು ಬೇರೆ ಮಾತು.

ಒಂದು ಭಾನುವಾರ ಬೆಳಿಗ್ಗೆ ಮರ್ಫಿ ಟೌನಿನ ನಮ್ಮ ಮನೆಗೆ ಬಂದಿದ್ದರು. ನೆಲಮಹಡಿಯ ಬಾಡಿಗೆ ಮನೆ. ನನ್ನ ಹೆಂಡತಿ ಬಚ್ಚಲು ತಿಕ್ಕುತ್ತಿದ್ದಳು. ಬ್ಲೀಚಿಂಗ್ ಪೌಡರ್ ಹಾಕಿದರೂ ಕಲೆ ಹೋಗಲಿಲ್ಲ ಅಂತ ಅದರ ಮೇಲೇ ಆಸಿಡ್ ಸುರಿದಳು. ಒಮ್ಮೆಲೇ ಉಸಿರು ಕಟ್ಟುವಂಥ ಕೆಮ್ಮು. ನಾನು ಕಾಫಿ ಲೋಟ ಕೆಳಗಿಡುವಷ್ಟರಲ್ಲಿ ಮಾವ ಅವಳನ್ನು ಹೊರಗೆ ಎಳೆದು ತಂದಿದ್ದರು.

"ಮೇಲಕ್ಕೆ! ಎಲ್ರೂ ತಾರಸಿಗೆ!"

ಮಹಡಿ ಮೇಲಿದ್ದ ಓನರ್ ಆಂಟಿ ಗಾಬರಿಯಾದರು. "ಏನ್ರೀ, ಅಪಾಯ ಅಂದ್ರೆ ಜನ ಕೆಳಗೆ ಓಡ್ತಾರೆ. ನೀವು ಮೇಲಕ್ಕೆ ಬರ್ತಿದೀರಲ್ಲ!"

"ಇದು ಕ್ಲೋರಿನ್ ಗ್ಯಾಸು, ಭಾರ ಕಣಮ್ಮಾ, ಕೆಳಗೇ ಕೂರತ್ತೆ. ನೀವೂ ನಡೀರಿ!"

ಆಂಟಿ ಸೌಟು ಹಿಡಿದೇ ಮೆಟ್ಟಿಲು ಹತ್ತಿದರು. ಪಕ್ಕದ ತಾರಸಿಯವರು ಏನೋ ಪೂಜೆ ಇರಬೇಕು ಅಂತ ಇಣುಕಿದರು!

ಗ್ಯಾಸು ಚದುರಿದ ಮೇಲೆ ಇವಳನ್ನು ಆಟೋದಲ್ಲಿ ಕರೆದುಕೊಂಡು ಹೋದೆವು. ಹಲಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ಆಕ್ಸಿಜನ್ ಹಾಕಿಸಿ, "ಸಂಜೆವರೆಗೂ ಇಲ್ಲೇ ಇರ್ಲಿ. ಕೆಲವ್ರಿಗೆ ತಡವಾಗಿ ತೊಂದ್ರೆ ಆಗತ್ತೆ" ಅಂದರು.

"ನಂದೇ ತಪ್ಪು ಮಾವ" ಅಂತ ಇವಳು ಅಳತೊಡಗಿದಳು.

"ಡಬ್ಬಿ ಮೇಲೆ ಬರೆದಿರೋದನ್ನ ಯಾರು ಓದ್ತಾರಮ್ಮ? ಇನ್ಮೇಲೆ ಎರಡನ್ನೂ ಸೇರಿಸ್ಬೇಡ, ಅಷ್ಟೇ. ಈಗ ಮಾತಾಡ್ಬೇಡ."

ಅವಳು ನಿದ್ದೆ ಹೋದಳು. ಮಾವ ಕುರ್ಚಿ ಬಿಟ್ಟು ಏಳಲಿಲ್ಲ. ಅವಳ ಎದೆ ಏರಿಳಿಯುವುದನ್ನೇ ನೋಡುತ್ತ ಕೂತರು. ಊಟಕ್ಕೆ ಕರೆದರೆ ಬೇಡ ಅಂತ ಕೈಯಾಡಿಸಿದರು.

ಸಂಜೆ ಡಾಕ್ಟರು ಮನೆಗೆ ಹೋಗಬಹುದು ಅಂದಾಗಲೇ ಅವರು ವರಾಂಡಕ್ಕೆ ಬಂದಿದ್ದು. ನೀರು ಕೊಟ್ಟೆ. ಲೋಟ ಹಲ್ಲಿಗೆ ಕಟಕಟ ಬಡಿಯಿತು.

"ಸಿಲಿಂಡರ್ ಸೋರಿದಾಗ್ಲೂ ನನ್ ಕೈ ನಡುಗಿಲ್ಲ ಕಣೋ" ಅಂದರು. "ಇವತ್ತ್ಯಾಕೋ..."

ಲೋಟ ತೆಗೆದುಕೊಂಡು ನಾನೇ ಅವರ ತುಟಿಗೆ ಹಿಡಿದೆ. ಅಷ್ಟರಲ್ಲಿ ಒಳಗಿನಿಂದ ಇವಳ ದನಿ: "ರೀ, ಮಾವ ಏನಾದ್ರೂ ತಿಂದ್ರಾ?"

ಆ ದನಿಯಲ್ಲಿ ಕೆಮ್ಮಿರಲಿಲ್ಲ. ಮಾವ ಗೋಡೆಗೆ ಒರಗಿ ಅತ್ತೇಬಿಟ್ಟರು.