ತವರಿನಿಂದ ಬಂದ ಡಬ್ಬಿಗಳು

ಮಿರ್ಚಿ ಭಜಿ ಕರಿದು ಉಳಿದ ಎಣ್ಣೆಯಿಂದ ಡೀಸೆಲ್ ಮಾಡಿದ ಸಿಂದಗಿಯ ಏಕಮೇವ ಮಹಾಪುರುಷ ನಾನು. ನನ್ನ ಹಿಟ್ಟಿನ ಗಿರಣಿಯ ಇಂಜಿನ್ನು ಅದರಿಂದಲೇ ಓಡಿತು. (ಓಡುವಾಗ ಓಣಿಗೆಲ್ಲ ಭಜಿಯ ವಾಸನೆ. ಜೋಳ ಬೀಸಿಸಲು ಬಂದವರು "ಪ್ಲೇಟ್ ಹೆಂಗ್ರಿ?" ಎಂದು ಕೇಳುತ್ತಿದ್ದರು.) ಇಂಥ ಸಂಶೋಧಕನಿಗೆ ಸನ್ಮಾನ ಹಾಳಾಗಲಿ, ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿಯಾದರೂ ಬೇಡವೇ? ಅದಕ್ಕೇ ಸಂಚಕಾರ ಬಂತು.

ಡೀಸೆಲ್ ಬಸಿದುಕೊಂಡ ಮೇಲೆ ತಳದಲ್ಲಿ ಒಂದು ಕ್ಯಾನ್ ತುಂಬುವಷ್ಟು ಕಂದು ಬಣ್ಣದ ಜಿಗುಟು ರಾಡಿ ಉಳಿಯಿತು. ಅದರಲ್ಲಿ ಕಾಸ್ಟಿಕ್ ಸೋಡಾ ಇದೆ, ಕಡ್ಡಿ ಗೀರಿದರೆ ಹೊತ್ತಿಕೊಳ್ಳುವ ಸ್ಪಿರಿಟ್ಟೂ ಇದೆ ಎಂದು ನಾನೇ ಜಂಬದಿಂದ ಹೆಂಡತಿಗೆ ಹೇಳಿದೆ. ಬುಶ್ರಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಇದು ಮನಿ ಬಿಟ್ಟು ಹೋಗೂತನಕಾ ನಾ ನಿಮಗ ರೊಟ್ಟಿ ಬಡಿಯೂದಿಲ್ಲ."

"ಗಟಾರಕ್ಕ ಸುರುವಿ ಬರ್ತೇನಿ ತಡಿ."

"ಆ ನೀರು ಮಗ್ಗಲಮನಿ ಚನ್ನವ್ವಕ್ಕನ ಎಮ್ಮಿ ಕುಡೀತೈತಿ. ಅದಕ್ಕೇನರೆ ಆತಂದ್ರ, ಅದರ ಗ್ವಾದಲ್ಯಾಗ ನಿಮ್ಮನ್ನ ಕಟ್ಟತೇನಿ ನೋಡ್ರಿ!"

ಕಸದ ಗಾಡಿಯವನನ್ನು ಕೇಳಿದೆ. ಇಂಥ ಅಪಾಯದ ವಸ್ತುಗಳಿಗೆ ಬೇರೆ ಗಾಡಿ ಬರುತ್ತದಂತೆ, ಮುಂದಿನ ತಿಂಗಳು. ಅಲ್ಲಿಯವರೆಗೆ ಬಿಗಿಯಾಗಿ ಮುಚ್ಚಿ, ಮೇಲೆ ಹೆಸರು ಬರೆದು, ಗಾಳಿಯಾಡುವ ಕೋಣೆಯಲ್ಲಿ ಬೀಗ ಹಾಕಿ ಇಡಬೇಕಂತೆ. ರೋಜಾ ತಿಂಗಳು ಈಗಷ್ಟೇ ಮುಗಿದಿತ್ತು. ಇನ್ನೊಂದು ತಿಂಗಳು ಉಪವಾಸ ಹಿಡಿಯುವ ಶಕ್ತಿ ನನಗಿರಲಿಲ್ಲ. ಕ್ಯಾನನ್ನು ಕಳೆದೇ ತೀರುವೆನೆಂದು ಹಠ ತೊಟ್ಟು, ಅದನ್ನು ಬೈಕಿಗೆ ಬಿಗಿದು ಮೋರಟಗಿಗೆ, ಮಾವನ ಮನೆಗೆ ಹೊರಟೆ. ಅವರ ಹೊಲದ ಮೂಲೆಯಲ್ಲಿ ಒಂದು ಕುಣಿ ತೋಡಿ ಹುಗಿದರೆ ಮುಗಿಯಿತು ಎಂಬುದು ನನ್ನ ಘನಂದಾರಿ ಯೋಜನೆ.

ಮಾವ ಅಪ್ಪಾಸಾಬರು ವಿಷಯ ಕೇಳಿಯೇ ಹೌಹಾರಿದರು.

"ಅಳಿಯಾಂದ್ರ, ಮಗ್ಗಲಾಗ ಬಾವಿ ಐತ್ರಿ, ಕುಡಿಯೂ ನೀರು! ಕುಣಿ ಗಿಣಿ ಇಲ್ಲಿ ನಡಿಯೂದಿಲ್ಲ. ಮತ್ತ ಇಂಥಾವ್ನ ಏನ್ ಮಾಡಬೇಕಂತ್ರಿ?"

ಮರ್ಯಾದೆ ಉಳಿಸಿಕೊಳ್ಳಬೇಕಲ್ಲ? ಕಸದ ಗಾಡಿಯವನು ಹೇಳಿದ್ದನ್ನೆಲ್ಲ ನಾನೇ ಕಂಡುಹಿಡಿದವನಂತೆ ವಿವರಿಸಿದೆ. ಅತ್ತೆ ಸೈದಾಬಿಯವರು ತಲೆದೂಗುತ್ತ ಕೇಳಿದರು. ನಮ್ಮ ಕಡೆ ಅಳಿಯನನ್ನು ಬರಿಗೈಯಲ್ಲಿ ಕಳಿಸುವ ಪದ್ಧತಿಯಿಲ್ಲ. ಹೊರಡುವಾಗ ನೋಡುತ್ತೇನೆ, ಬೈಕಿನ ಮೇಲೆ ನನ್ನ ಕ್ಯಾನಿನ ಜೊತೆ ತೊಗರಿಯ ಹುಳಕ್ಕೆ ಹೊಡೆದು ಉಳಿದ ವಿಷದೆಣ್ಣೆಯ ಡಬ್ಬಿ, ಹಳೆಯ ಬಣ್ಣದ ಡಬ್ಬಿ, ಬಚ್ಚಲು ತೊಳೆಯುವ ಆ್ಯಸಿಡ್ಡು, ಸತ್ತ ಬ್ಯಾಟರಿ. ಒಂದಕ್ಕೊಂದು ತಾಗದಂತೆ ಬೇರೆ ಬೇರೆ ಚೀಲಗಳಲ್ಲಿ.

"ಇಂಥಾ ಶಾಣ್ಯಾ ಅಳಿಯಾ ಇರೂವಾಗ ಇವನ್ನೆಲ್ಲಾ ನಾವ್ಯಾಕ ಇಟಗೊಂಡು ಕುಂದ್ರೂದ್ರಿ?" ಎಂದರು ಅತ್ತೆ.

ಮನೆಯ ಬಾಗಿಲಲ್ಲೇ ಬುಶ್ರಾ ನಿಂತಿದ್ದಳು.

"ಒಂದು ಒಯ್ದು ಐದು ತಂದೀರಿ?"

"ನಿಮ್ಮ ಅಮ್ಮಾ ಕಳಸ್ಯಾರ."

ಅವಳ ಮುಖ ಅರಳಿತು. ತವರಿನಿಂದ ಬಂದದ್ದನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ ಹೆಣ್ಣುಮಗಳು ಇನ್ನೂ ಹುಟ್ಟಿಲ್ಲ. ನನ್ನ ಕ್ಯಾನಿಗೂ ಆ ಸಂಬಂಧದಲ್ಲೇ ಕ್ಷಮಾದಾನ ಸಿಕ್ಕಿತು. ಎಲ್ಲಕ್ಕೂ ಹೆಸರು ಬರೆದಳು. ಗಾಳಿ, ಕಿಟಕಿ, ಬೀಗ ಮೂರೂ ಇರುವ ಕೋಣೆ ನಮ್ಮಲ್ಲಿ ಒಂದೇ. ಮಾಳಿಗೆಯ ಮೇಲೆ ನಾನು ಮಲಗುವ ಕೋಣೆ.

ಈಗ ರೊಟ್ಟಿ ಹೊತ್ತಿಗೆ ಸರಿಯಾಗಿ ಬರುತ್ತದೆ, ಪುಂಡಿಪಲ್ಯದ ಜೊತೆ, ನಾನು ಹಾಸಿಗೆ ಹಾಸಿಕೊಂಡಿರುವ ಅಂಗಳದ ಕಟ್ಟೆಗೆ.

"ಅವಕ್ಕ ಕ್ವಾಣಿ, ಬೀಗ. ನನಗ ಕಟ್ಟಿ ಏನ?" ಎಂದು ಕೇಳಿದೆ.

"ಅವನ್ನ ಒಯ್ಯಾಕ ಗಾಡಿ ಬರ್ತೈತ್ರಿ," ಎಂದಳು ಬುಶ್ರಾ, ಇನ್ನೊಂದು ರೊಟ್ಟಿ ಹಾಕುತ್ತ. "ನಿಮ್ಮನ್ನ ಹೊರಗ ಇಟ್ಟರೂ ಯಾರೂ ಒಯ್ಯಂಗಿಲ್ಲ."