ತಾನೇ ನಡೆಯುವ ಕಾಲುಚೀಲ

ಕೂತೇ ಇದ್ದರೆ ಕಾಲಿನ ರಕ್ತನಾಳ ಕೆಡುತ್ತದೆ ಎಂದು ಹೇಳುವುದಕ್ಕೆ ಇಪ್ಪತ್ತು ದೇಶಗಳ ತಜ್ಞರು ಮೈಸೂರಿಗೆ ಬಂದು, ಬೆಳಗಿನಿಂದ ಕೂತೇ ಇದ್ದರು. ಅಂತರರಾಷ್ಟ್ರೀಯ ಸಮ್ಮೇಳನವೆಂದರೆ ಸುಮ್ಮನೆಯೇ? ವೇದಿಕೆಯ ಮೇಲಿದ್ದ ಪ್ರತಿಯೊಬ್ಬರಿಗೂ ಪೇಟ, ಶಾಲು, ಹಣ್ಣಿನ ಬುಟ್ಟಿ ಆಗಬೇಕು. ಆಮೇಲೆ ಪ್ರತಿಯೊಬ್ಬರೂ ‘ಎರಡೇ ಮಾತು’ ಆಡಬೇಕು.

ಮೊದಲ ಸಾಲಿನಲ್ಲಿದ್ದ ವೈಜಯಂತಿಯ ಕಣ್ಣೆಲ್ಲ ಮೇಜಿನ ಮೇಲಿದ್ದ ಆವಿಷ್ಕಾರದ ಪದಕದ ಮೇಲಿತ್ತು. ಗಂಡ ಡಾಕ್ಟರ್ ಪದ್ಮನಾಭಯ್ಯ ಮಹಡಿ ಕೋಣೆಯನ್ನು ಪ್ರಯೋಗಶಾಲೆ ಮಾಡಿಕೊಂಡ ಮೇಲೆ ಅವಳ ವೀಣೆ ಅಡುಗೆಮನೆಯ ಮೂಲೆ ಸೇರಿತ್ತು. ಈ ಸಲವೂ ಪದಕ ಅವರ ಕೊರಳಿಗೆ ಬೀಳದಿದ್ದರೆ ಕೋಣೆ ಅವಳದು ಎಂದು ಮಾತಾಗಿತ್ತು. ಒಗ್ಗರಣೆಯ ಹೊಗೆ ಕುಡಿದ ವೀಣೆಗಾಗಿ ಅವಳ ಹೊಟ್ಟೆ ಉರಿಯುತ್ತಿತ್ತು.

“ಮಹನೀಯರೇ, ನಿಮಗೆಲ್ಲ ಬೆಳಗ್ಗೆ ತೊಡಿಸಿದ ಕಾಲುಚೀಲ ನನ್ನದೇ ಆವಿಷ್ಕಾರ,” ಎಂದು ಪದ್ಮನಾಭಯ್ಯ ಮೈಕ್ ಹಿಡಿದು ಬೀಗಿದರು. “ಕಾಲಲ್ಲಿ ರಕ್ತ ನಿಂತಿತೋ, ಚೀಲವೇ ಕಾಲನ್ನ ನಡೆಸುತ್ತೆ.”

“ನಿಲ್ಲಿಸೋದು ಹೇಗ್ರೀ?” ವೈಜಯಂತಿ ಕೂತಲ್ಲಿಂದಲೇ ಕೇಳಿದಳು.

“ಮಲಗಿ ಕಾಲು ಮೇಲೆತ್ತಿದರೆ ನಿಲ್ಲುತ್ತೆ. ಸುಮ್ನಿರೇ.” ಕೈಯಲ್ಲಿದ್ದ ರಿಮೋಟಿನ ಗುಂಡಿ ಒತ್ತಿಯೇ ಬಿಟ್ಟರು.

ಜನ ಎಷ್ಟು ಹೊತ್ತಿನಿಂದ ಕೂತಿದ್ದಾರೆ ಎಂಬುದನ್ನು ಪದ್ಮನಾಭಯ್ಯ ಮರೆತಿದ್ದರು, ಕಾಲುಚೀಲ ಮರೆತಿರಲಿಲ್ಲ. ಇಡೀ ಬೆಳಗಿನ ಬಾಕಿ ನಡಿಗೆಯನ್ನು ಅದು ಒಟ್ಟಿಗೇ ವಸೂಲಿ ಮಾಡತೊಡಗಿತು. ಪದಕವನ್ನು ಕೈಗೆತ್ತಿಕೊಂಡಿದ್ದ ಅಧ್ಯಕ್ಷ ಡಾಕ್ಟರ್ ಮುದಗಲ್ ದಡದಡನೆ ಮೆಟ್ಟಿಲಿಳಿದರು.

“ಏ ಡಾಕ್ಟ್ರೇ, ಕಾಲು ನನ್ನ ಮಾತು ಕೇಳವಲ್ದರೀ!”

“ನನ್ನದೂ ಕೇಳ್ತಿಲ್ಲ ಸಾರ್!” ಪದಕ ಒಂದು ಬಾಗಿಲಿಂದ ಹೋದರೆ ಪದ್ಮನಾಭಯ್ಯ ಇನ್ನೊಂದು ಬಾಗಿಲಿಂದ ಹೋದರು.

ಜಪಾನಿನ ಅತಿಥಿ ಪೇಟ, ಹಣ್ಣಿನ ಬುಟ್ಟಿ ಸಮೇತ ಊಟದ ಪೆಂಡಾಲಿಗೆ ಪ್ರದಕ್ಷಿಣೆ ಹಾಕಿದರು. ಕಾಲೆತ್ತಿ ಮಲಗಿ ಎಂದು ದಿನವೂ ರೋಗಿಗಳಿಗೆ ಉಪದೇಶ ಮಾಡುವವರೇ ಎಲ್ಲರೂ. ಆದರೆ ಸೂಟು ಹಾಕಿಕೊಂಡ ಮರ್ಯಾದಸ್ಥರು ಹಾಗೆಲ್ಲ ಮಲಗಲಾದೀತೇ?

ಕಡೆಗೆ ವೈಜಯಂತಿಯೇ ಹೊರಗೆ ಬಂದು ಗದರಿದಳು. “ಬಿದ್ಕೊಳ್ರೀ ಎಲ್ಲಾ!”

ಜಗತ್ತಿನ ರಕ್ತನಾಳ ತಜ್ಞರೆಲ್ಲ ಹುಲ್ಲಿನ ಮೇಲೆ ಅಂಗಾತ ಬಿದ್ದು ಕಾಲು ಆಕಾಶಕ್ಕೆತ್ತಿದರು. ಪದ್ಮನಾಭಯ್ಯನವರ ಪಕ್ಕದಲ್ಲೇ, ಅವರ ಕಾಲಿನತ್ತ ತಲೆ ಹಾಕಿ ಬಿದ್ದಿದ್ದ ಮುದಗಲ್ ಏದುಸಿರು ಬಿಟ್ಟರು. “ಇನ್ನೂ ಎಂಟು ಭಾಷಣ ಇದ್ದೂವು. ನಮ್ಮ ಉದ್ಘಾಟನಾ ಸಮಾರಂಭ ಊಟಕ್ಕ ಮೊದಲ ಮುಗದದ್ದು ಇದ ಮೊದಲ ಸಲರೀ. ತಗೋರೀ ಪದಕ.” ಕೈಗೆಟುಕಿದ್ದು ಕಾಲೊಂದೇ. ಅದಕ್ಕೇ ತೊಡಿಸಿದರು.

“ಸಿಕ್ತಲ್ಲೇ!” ಪದ್ಮನಾಭಯ್ಯ ಹಿಗ್ಗಿದರು.

“ಕೊರಳಿಗೆ ಅಂತ ಮಾತಾಗಿತ್ತು,” ಎಂದಳು ವೈಜಯಂತಿ. “ಏಳಿ, ವೀಣೆ ಮಹಡಿಗೆ ಸಾಗಿಸ್ಬೇಕು. ಕಾಲಂತೂ ತಾನೇ ನಡೆಯುತ್ತೆ.”