ಕಣ್ಣು ಮೂಗಿಲ್ಲದ ಕಲ್ಲುಗಳ ಆಚಾರಿ

ಭಗವಂತನಿಗೆ ನಗು ಇಷ್ಟ ಅಂತ ನನಗೆ ಗಟ್ಟಿ ನಂಬಿಕೆ. ಇಲ್ಲದಿದ್ದರೆ ಉರಿಗಾಂನಲ್ಲಿ ನಾನು ಪೂಜೆ ಮಾಡುವ ಗುಡಿಯ ಪಕ್ಕಕ್ಕೇ ಆ ಶಿಲ್ಪಿ ಆಚಾರಿಯನ್ನು ತಂದು ಕೂರಿಸುತ್ತಿದ್ದನೇ? ನಲವತ್ತು ವರ್ಷ ಶಾಸ್ತ್ರದಂತೆ ವಿಗ್ರಹ ಕೆತ್ತಿದವರು, ಒಂದು ದಿನ ಕಣ್ಣು, ಮೂಗು ಕೆತ್ತುವುದನ್ನೇ ಬಿಟ್ಟುಬಿಟ್ಟರು. ಇಲ್ಲೊಂದು ಉಬ್ಬು, ಅಲ್ಲೊಂದು ತಗ್ಗು, ಅಷ್ಟೇ.

ಗೌಡರ ಬಸವಣ್ಣ

ಕ್ಯಾಸಂಬಳ್ಳಿ ಗೌಡರು ಬಸವಣ್ಣನನ್ನು ಮಾಡಿಸಿದರು. ಬಂದು ನೋಡಿದರೆ ನುಣ್ಣನೆಯ ಗುಡ್ಡೆ.

"ಕೊಂಬೆಲ್ಲಿ ಆಚಾರಿ?"

"ಬಸವನ ತಾಳ್ಮೆ ಕೆತ್ತಿದ್ದೀನಿ ಗೌಡ್ರೇ."

ಗೌಡರು ಕಲ್ಲಿಗೆ ಎರಡು ಸುತ್ತು ಹಾಕಿದರು. "ತಾಳ್ಮೆ ಇರ್ಲಿ ಕಣಪ್ಪಾ, ಗಂಟೆ ಎಲ್ಲಿ ಕಟ್ಲಿ?"

ಆಕಾಶದ ತೂತು

ಇನ್ನೊಂದು ಕಲ್ಲಿಗೆ ನಡುವೆ ತೂತು. "ಇದರೊಳಗೆ ಆಕಾಶ ಐತೆ ಐನೋರೇ" ಅಂದರು ನನಗೆ. ಮರುದಿನ ನೋಡಿದರೆ ಹಾಲಿನವಳು ಅದಕ್ಕೇ ಹಗ್ಗ ತೂರಿಸಿ ಎಮ್ಮೆ ಕಟ್ಟಿದ್ದಾಳೆ.

"ಗೂಟ ಅಲ್ಲಮ್ಮಾ ಅದು!" ಅಂತ ಕೂಗಿದರು ಆಚಾರಿ.

"ನೀನೇನಾರಾ ಅನ್ನಪ್ಪಾ, ಎಮ್ಮೆ ಒಪ್ಕೊಂಡೈತೆ."

ದೊರೆಯ ಗಾಡಿ

ಕೊನೆಗೆ ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬ ಕುದುರೆ ನಿಲ್ಲಿಸಿ, ಎದೆಯೆತ್ತರದ ಕಲ್ಲೊಂದನ್ನು ಬಹಳ ಹೊತ್ತು ನೋಡಿದ. ಇದೇನು ಅಂತ ಕೇಳಲೇ ಇಲ್ಲ. ತನ್ನ ಬಂಗಲೆಯ ತೋಟಕ್ಕೆ ಬೇಕು, ಶನಿವಾರ ಗಾಡಿ ಕಳಿಸುತ್ತೇನೆ ಅಂದ. ಆಚಾರಿಯ ಕಣ್ಣಲ್ಲಿ ನೀರು. ಅಂಥ ಕಲ್ಲು ಬೇಕು ಅಂದವನು ಅವನೇ ಮೊದಲಿಗ.

ಶುಕ್ರವಾರ ಕಲ್ಲನ್ನು ತೊಳೆದು, ಹೊಳಪು ಬರಲೆಂದು ಎಣ್ಣೆ ತಿಕ್ಕಿಟ್ಟರು. ಅಲ್ಲೇ ಆದದ್ದು ತಪ್ಪು. ಶುಕ್ರವಾರ ಮಿಂದು ಎಣ್ಣೆಯಲ್ಲಿ ಮಿರಿಮಿರಿ ಮಿಂಚುವ ಕರಿಕಲ್ಲನ್ನು ಕಂಡು ನಮ್ಮ ಹೆಂಗಸರು ಸುಮ್ಮನಿರುತ್ತಾರೆಯೇ? ಬೆಳಗಾಗುವುದರೊಳಗೆ ಅರಿಶಿನ, ಕುಂಕುಮ, ಕಣಗಿಲೆ ಹೂವು!

ಆಚಾರಿ ಓಡಿ ಬಂದರು. "ಐನೋರೇ, ಗಾಡಿ ಬಂದೈತೆ! ಪ್ರಾಣಪ್ರತಿಷ್ಠೆ ಆಗಿಲ್ಲ, ಅದು ದೇವ್ರಲ್ಲ ಅಂತ ನೀವೊಂದು ಮಾತು ಹೇಳಿ."

ಹೋಗಿ, ಕಲ್ಲಿನ ಸುತ್ತ ನೆರೆದ ಹೆಂಗಸರಿಗೆ ಹೇಳಿದೆ. ಮುದುಕಿಯೊಬ್ಬಳು ಮುಂದೆ ಬಂದಳು. "ಸರಿ ಸಾಮಿ. ದ್ಯಾವ್ರಲ್ಲ ಅಂದ್ರೆ ಒಂದ್ಸಾರಿ ಅದರ ಮ್ಯಾಲೆ ಕಾಲು ಮಡಗಿ ತೋರ್ಸಿ."

ಕಾಲು ಏಳಲಿಲ್ಲ, ಕೈ ತಾನಾಗಿ ಮುಗಿಯಿತು. ಭಗವಂತ ಇಲ್ಲಿಲ್ಲ ಅನ್ನಲು ನಾನ್ಯಾರು?

ಮುದುಕಿ ಆಚಾರಿ ಕಡೆ ತಿರುಗಿದಳು. "ಮಾಡ್ದೋನು ನೀನು. ನೀನೇ ಮಡಗು."

ಆಚಾರಿ ಗಾಡಿ ನೋಡಿದರು, ಕಲ್ಲು ನೋಡಿದರು, ಬಲಗಾಲು ಎತ್ತಿದರು. ಎತ್ತುಗಳೂ ಮೆಲುಕು ನಿಲ್ಲಿಸಿದ ಹಾಗಾಯಿತು. ಕಾಲು ಗಾಳಿಯಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು. ಹೆಗಲ ಮೇಲಿನ ವಲ್ಲಿ, ಗುಡಿಯೊಳಗೆ ಹೋಗುವವರ ಹಾಗೆ, ಸೊಂಟಕ್ಕೆ ಬಂತು.

ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಐನೋರೇ, ಕಾಯಿ ತಂದಿದ್ದೀರಾ?"